ಮೂವತ್ತೈದಕ್ಕೇ ಮುಟ್ಟು ನಿಂತ ಕಬ್ಬಿನ ಗ್ಯಾಂಗು

2025ರ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಬೇಕೆಂದು ಆದೇಶ ಹೊರಡಿಸಿತು. ವಯಸ್ಸು 18ರಿಂದ 52. ಅಷ್ಟರೊಳಗೆ ಮುಟ್ಟು ನಿಂತಿರುತ್ತದೆ ಎಂಬ ಲೆಕ್ಕ ಇರಬೇಕು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದರ ಹಿಂದೆ ಮುಂದೆ ಕೆಲವು ವರ್ಷ ಮೈ ಒಮ್ಮೆಲೇ ಕಾದಂತಾಗುವುದು, ರಾತ್ರಿ ಬೆವರುವುದು, ನಿದ್ದೆ ಹಾರಿಹೋಗುವುದು, ಕೀಲು ಹಿಡಿಯುವುದು ಇವೆಲ್ಲ ಇದ್ದದ್ದೇ. ಈ ಕಾಲದಲ್ಲಿ ಕೆಲಸದ ಜಾಗ ಹೆಂಗಸರಿಗೆ ಹೇಗೆ ಒದಗಬೇಕು ಎಂಬ ಮಾತು ಈಗೀಗ ಕಚೇರಿಗಳಲ್ಲಿ ಕೇಳಿಬರುತ್ತಿದೆ. ಬ್ರಿಟನ್ನಿನಲ್ಲಿ 2022ರಲ್ಲಿ ಸಂಸದರ ಸಮಿತಿಯೊಂದು ಇದಕ್ಕೆಂದೇ ರಜೆ ಕೊಟ್ಟು ನೋಡಿ ಎಂದಿತ್ತು. ಮರುವರ್ಷ ಅಲ್ಲಿನ ಸರ್ಕಾರ ಆಗುವುದಿಲ್ಲ ಎಂದುಬಿಟ್ಟಿತು.

ಕಚೇರಿಯ ಮಾತು ಹಾಗಿರಲಿ. ನಾವು ಹೇಳಬೇಕೆಂದಿರುವುದು ಕಬ್ಬಿನ ಹೊಲದ ಚರಿತ್ರೆ. ಅಲ್ಲಿ ಎಷ್ಟೋ ಹೆಂಗಸರ ಮುಟ್ಟು ನಿಂತದ್ದು ವಯಸ್ಸಿನಿಂದಲ್ಲ, ಆಪರೇಷನ್ನಿನಿಂದ.

ಮಹಾರಾಷ್ಟ್ರದ ಬೀಡ್ ಮಳೆ ಕಮ್ಮಿಯ ಜಿಲ್ಲೆ. ದಸರೆ, ದೀಪಾವಳಿ ಬಂತೆಂದರೆ ಅಲ್ಲಿ ಊರಿಗೂರೇ ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು ಹೊರಡುತ್ತದೆ. ಕೆಲವರು ಪಶ್ಚಿಮ ಮಹಾರಾಷ್ಟ್ರಕ್ಕೆ, ಕೆಲವರು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೆ. ಆ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಬದಿಯ ಬಯಲಿನಲ್ಲಿ ತಾಡಪತ್ರಿಯ ಗುಡಿಸಲು, ಎತ್ತಿನ ಗಾಡಿ, ಬೂದಿ ಬಡಿದ ಮಕ್ಕಳು. ಐದಾರು ತಿಂಗಳು ಅದೇ ಮನೆ.

ಇಲ್ಲಿ ಕೂಲಿಯ ಲೆಕ್ಕ ಆಳಿಗೆ ಅಲ್ಲ, ಕೊಯ್ತಾಕ್ಕೆ. ಕೊಯ್ತಾ ಎಂದರೆ ಮರಾಠಿಯಲ್ಲಿ ಕುಡುಗೋಲು. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಹಂಗಾಮು ಶುರುವಾಗುವ ಮೊದಲೇ ಮುಕಾದಮ ಇಬ್ಬರಿಗೂ ಸೇರಿಸಿ ಮುಂಗಡ ಕೊಟ್ಟಿರುತ್ತಾನೆ, ಕಬ್ಬು ಕಡಿದೇ ಅದನ್ನು ತೀರಿಸಬೇಕು. ಗಂಡ ಕಡಿದರೆ ಹೆಂಡತಿ ಸೋಗೆ ಸವರಿ, ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು ಲಾರಿಗೆ ಹೇರಬೇಕು. ಒಬ್ಬರು ಮಲಗಿದರೆ ಇಡೀ ಕೊಯ್ತಾ ನಿಂತಂತೆ. ಆ ದಿನದ ಕೂಲಿ ಹೋಗುವುದಲ್ಲದೆ ದಂಡ ಬೇರೆ. 2019ರ ಹೊತ್ತಿಗೆ ಆ ದಂಡ ದಿನಕ್ಕೆ 500 ರೂಪಾಯಿ ಎಂದು ಹೆಂಗಸರು ಪತ್ರಕರ್ತರಿಗೆ ಹೇಳಿದ್ದರು.

ಈಗ ಮುಟ್ಟಿನ ದಿನಗಳನ್ನು ನೆನೆಸಿಕೊಳ್ಳಿ. ಹೊಲದಲ್ಲಿ ಶೌಚಾಲಯವಿಲ್ಲ, ತೊಳೆಯಲು ನೀರಿಲ್ಲ, ಬಟ್ಟೆ ಒಣಗಿಸಲು ಮರೆಯಿಲ್ಲ. ಸೋಂಕು, ಬಿಳಿ ಸೆರಗು, ಕಿಬ್ಬೊಟ್ಟೆ ನೋವು. ಹಂಗಾಮು ಮುಗಿಸಿ ಊರಿಗೆ ಹೋಗಿ ಖಾಸಗಿ ಆಸ್ಪತ್ರೆ ಸೇರಿದರೆ, ಗರ್ಭಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆದೀತು ಎಂಬ ಹೆದರಿಕೆ. ಚಿಕ್ಕ ವಯಸ್ಸಿಗೇ ಮದುವೆಯಾಗಿ, ಇಪ್ಪತ್ತೈದರೊಳಗೆ ಎರಡು ಮೂರು ಮಕ್ಕಳಾದವಳಿಗೆ ‘ಇನ್ನೇಕೆ ಅದು’ ಅನ್ನಿಸುವುದೂ ಸಹಜ. ತೆಗೆಸಿಬಿಟ್ಟರೆ ತಿಂಗಳ ಗೋಳೂ ಇಲ್ಲ, ದಂಡವೂ ಇಲ್ಲ. ಆಪರೇಷನ್ನಿಗೆ ಎಷ್ಟೋ ಸಲ ಸಾಲ ಕೊಟ್ಟದ್ದು ಮುಕಾದಮನೇ. ಅದನ್ನೂ ಮುಂದಿನ ಹಂಗಾಮಿನಲ್ಲಿ ಕಡಿದು ತೀರಿಸಬೇಕು! ವೈದ್ಯರನ್ನಷ್ಟೇ ಬೈದು ಬಿಟ್ಟರೆ ಅರ್ಧ ಕಥೆ ಹೇಳಿದಂತೆ ಎಂದು ನಮಗನ್ನಿಸುವುದು ಇದಕ್ಕೇ. ಇನ್ನರ್ಧ ಆ ಕೊಯ್ತಾ ಕರಾರಿನಲ್ಲಿದೆ.

2019ರಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆ ತಂದ ಮೇಲೆ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿಗೆ ಗರ್ಭಚೀಲ ಇರಲಿಲ್ಲ. ಅಂದರೆ ಆರು ಜನರಲ್ಲಿ ಒಬ್ಬರು. ಅವರಲ್ಲಿ ಮೂವತ್ತು, ಮೂವತ್ತೈದು ದಾಟದವರೂ ಇದ್ದರು.

ಮುಟ್ಟು ನಿಂತರೆ ಕಷ್ಟ ಮುಗಿಯಿತು ಎಂದುಕೊಂಡವರಿಗೆ ಹೊಸ ಕಷ್ಟ ಶುರುವಾಯಿತು. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ, ಐವತ್ತರ ಹತ್ತಿರ ನಿಧಾನವಾಗಿ ಬರಬೇಕಾದದ್ದು ಒಂದೇ ದಿನದಲ್ಲಿ ಬಂದುಬಿಡುತ್ತದೆ. ಅಂಡಾಶಯ ಉಳಿಸಿದರೂ ಹಲವರಲ್ಲಿ ಅದು ಬೇಗ ಸೋಲುತ್ತದೆ. ಮೂಳೆ ಸವೆಯುವುದೂ ಬೇಗ. ಹೊರೆ ಹೊರುವುದೇ ಬದುಕಾದವಳಿಗೆ ಮೂಳೆ ಸವೆದರೆ ಉಳಿಯುವುದೇನು?

ಇದು ಆಚೆ ರಾಜ್ಯದ ಕಥೆ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. 2017ರಲ್ಲಿ ಕಲಬುರಗಿಯಲ್ಲಿ ತಾಂಡಾಗಳ ಹೆಣ್ಣುಮಕ್ಕಳು, ಅಗತ್ಯವಿಲ್ಲದೆ ನಮ್ಮ ಗರ್ಭಚೀಲ ತೆಗೆದರು ಎಂದು ಬೀದಿಗಿಳಿದಿದ್ದರು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಇಂಥ ಆಪರೇಷನ್ ತಡೆಯಲು ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಬೀಡ್‌ನಲ್ಲಂತೂ ಈ ಆಪರೇಷನ್ನಿಗೆ ಸರ್ಕಾರಿ ಸಿವಿಲ್ ಸರ್ಜನ್ ಒಪ್ಪಿಗೆ ಬೇಕೆಂಬ ನಿಯಮವೂ ಬಂತು.

ಇವೆಲ್ಲ ಆಸ್ಪತ್ರೆಯ ಬಾಗಿಲಿಗೆ ಹಾಕಿದ ಬೀಗ. ಹೊಲದ ಕಡೆ? ಹೊರರಾಜ್ಯದಿಂದ ಕರೆತಂದ ಕೂಲಿಯವರಿಗೆ ಗುತ್ತಿಗೆದಾರ ವಸತಿ, ಔಷಧೋಪಚಾರ ಒದಗಿಸಬೇಕೆಂದು 1979ರಲ್ಲೇ ಕಾಯ್ದೆ ಬಂದಿತ್ತು. ತಾಡಪತ್ರಿ ಗುಡಿಸಲು ಕಂಡವರಿಗೆ ಅದು ಎಷ್ಟು ನಡೆಯಿತೆಂದು ಗೊತ್ತು. 2025ರ ನಮ್ಮ ರಜೆ ಆದೇಶ ಕಾರ್ಖಾನೆ, ಅಂಗಡಿ, ಪ್ಲಾಂಟೇಶನ್, ಬೀಡಿ, ಮೋಟಾರು ಸಾರಿಗೆ ಕಾಯ್ದೆಗಳ ಕೆಳಗಿನ ಕೆಲಸಗಾರರನ್ನು ಹೆಸರಿಸುತ್ತದೆ. ಸಕ್ಕರೆ ಕಾರ್ಖಾನೆಯ ಗೇಟಿನ ಒಳಗಿನ ಹೆಂಗಸಿಗೆ ಆ ರಜೆ ಉಂಟು. ಆ ಕಾರ್ಖಾನೆಗೆ ಕಬ್ಬು ಹೊತ್ತು ಹಾಕುವವಳ ಹೆಸರು ಸಾಮಾನ್ಯವಾಗಿ ಅಲ್ಲಿನ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ಮುಕಾದಮನ ಪುಸ್ತಕದಲ್ಲಿ ಅವಳು ಅರ್ಧ ಕೊಯ್ತಾ.