ಕಾಳಿಂಗನೆಂಬ ಹೆಸರು

ಪಶ್ಚಿಮ ಘಟ್ಟದ ಕಾಳಿಂಗ ಸರ್ಪಕ್ಕೆ 2024ರಲ್ಲಿ ಹೊಸ ವೈಜ್ಞಾನಿಕ ಹೆಸರು ಬಂತು: ಒಫಿಯೋಫೇಗಸ್ ಕಾಳಿಂಗ. ಅಲ್ಲಿಯವರೆಗೆ ಒಂದೇ ಪ್ರಭೇದವೆಂದು ಎಣಿಸಿದ್ದ ಹಾವನ್ನು ಪಿ. ಗೌರಿಶಂಕರ್ ಮತ್ತು ಸಂಗಡಿಗರು ನಾಲ್ಕಾಗಿ ವಿಂಗಡಿಸಿ, ಘಟ್ಟದ್ದಕ್ಕೆ ಕನ್ನಡದ ಮಾತನ್ನೇ ಇಟ್ಟರು. ಭಾಷಾಭಿಮಾನಕ್ಕೆ ಇದು ಹಬ್ಬವೇ ಸರಿ. ಆದರೆ ಈ ಪದ ಪ್ರಾಣಿವಿಜ್ಞಾನದ ಲೆಕ್ಕಕ್ಕೂ ಸರಿಹೊಂದುತ್ತದೆ ಎಂಬುದು ನನಗೆ ಹೆಚ್ಚು ಮುಖ್ಯ. ಇಂಗ್ಲಿಷಿನ ‘ಕಿಂಗ್ ಕೋಬ್ರಾ’ ಇದನ್ನು ನಾಗರಗಳ ಅರಸನನ್ನಾಗಿ ಮಾಡುತ್ತದೆ. ಕನ್ನಡ ಮಾತ್ರ ನಾಗರವನ್ನೂ ಕಾಳಿಂಗವನ್ನೂ ಮೊದಲಿಂದ ಬೇರೆ ಬೇರೆಯಾಗಿಯೇ ಕರೆದಿದೆ. ಎರಡರ ಕುಟುಂಬ ಒಂದೇ, ಕುಲ ಬೇರೆ. ಕಾಳಿಂಗದ ಹೆಡೆ ಕಿರಿದು, ಉದ್ದ. ನೆತ್ತಿಯ ಹಿಂದೆ ನಾಗರಕ್ಕಿಲ್ಲದ ಎರಡು ದೊಡ್ಡ ಹುರುಪೆಗಳಿವೆ. ಬುಸುಗುಟ್ಟಿದರೆ ನಾಯಿ ಗುರುಗುಟ್ಟಿದಂತೆ ಕೇಳುತ್ತದೆ. ತರಗೆಲೆಯನ್ನು ಮೈಯಿಂದಲೇ ಎಳೆದು ಗುಡ್ಡೆ ಹಾಕಿ, ಗೂಡು ಮಾಡಿ, ಮೊಟ್ಟೆಗೆ ಕಾವಲು ಕೂರುವ ಹಾವು ಇದೊಂದೇ. ಊಟಕ್ಕೆ ಕೇರೆ ಸಿಕ್ಕರೆ ಕೇರೆ, ನಾಗರ ಸಿಕ್ಕರೆ ನಾಗರ. ಪ್ರಜೆಗಳನ್ನೇ ನುಂಗುವ ರಾಜರು ಇಲ್ಲವೆಂದಲ್ಲ, ಬಿಡಿ.

ಯಾವ ಹೆಸರಾದರೇನು, ಕಚ್ಚಿದರೆ ಸಾವೇ ತಾನೇ ಎನ್ನಬಹುದು. ಆದರೆ ಕಚ್ಚಿದಾಗಲೇ ಈ ವ್ಯತ್ಯಾಸ ಬೇಕಾಗುವುದು. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ; ಕಾಳಿಂಗದ್ದು ಅದರಲ್ಲಿಲ್ಲ. ‘ಕೋಬ್ರಾ’ ಎಂಬ ಮಾತು ನಂಬಿ ನಾಗರದ ಔಷಧವೇ ಸಾಕೆಂದುಕೊಂಡರೆ ಎಡವಿದಂತೆ. ವಿಷದ ತೀಕ್ಷ್ಣತೆಯಲ್ಲಿ ಕಟ್ಟುಹಾವು ಕಾಳಿಂಗಕ್ಕಿಂತ ಮೇಲು. ಕಾಳಿಂಗದ ಬಲವಿರುವುದು ಒಂದೇ ಕಡಿತಕ್ಕೆ ಇಳಿಸುವ ವಿಷದ ಪ್ರಮಾಣದಲ್ಲಿ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಇದು ಯಮುನೆಯ ಮಡುವಿನ ಕಾಳಿಯನಿಂದ ಬಂದ ಹೆಸರು, ಜೊತೆಗೆ ಖಳನ ಕಳಂಕವನ್ನೂ ತಂದಿದೆ ಎಂಬುದು. ಪುರಾಣದ ನಂಟು ಒಪ್ಪತಕ್ಕದ್ದೇ. ಆದರೆ ಭಾಗವತದ ಕೃಷ್ಣ ಕಾಳಿಯನನ್ನು ಕೊಲ್ಲಲಿಲ್ಲ, ಕಡಲಿಗೆ ಕಳಿಸಿದ (ಹಾವಿನ ಸ್ಥಳಾಂತರ ಹೊಸದೇನಲ್ಲ). ಗೋವಿನ ಹಾಡಿನ ಗೊಲ್ಲನ ಹೆಸರೂ ಕಾಳಿಂಗ. ಯಕ್ಷಗಾನದಲ್ಲಿ ಕಾಳಿಂಗ ನಾವಡರಿದ್ದರು. ಬರೀ ಹೆದರಿಕೆಯ ಮಾತಾಗಿದ್ದರೆ ಅದನ್ನು ತೊಟ್ಟಿಲಿನ ಮಗುವಿಗೆ ಯಾರೂ ಇಡುತ್ತಿರಲಿಲ್ಲ. ತೊಡಕು ಬಂದಿರುವುದು ಈಗ, ಅದೂ ವಿಜ್ಞಾನದ ಕಡೆಯಿಂದ: ಸುಂದರಬನದ ಹಾವು ಒಫಿಯೋಫೇಗಸ್ ಹನ್ನಾ ಆಗಿ ಉಳಿದಿದೆ, ಕನ್ನಡ ಪತ್ರಿಕೆಗಳಿಗೆ ಮಾತ್ರ ಅದೂ ಕಾಳಿಂಗವೇ. ಇನ್ನು ಮೇಲೆ ನಮ್ಮದನ್ನು ‘ಘಟ್ಟದ ಕಾಳಿಂಗ’ ಎಂದು ಬಿಡಿಸಿ ಬರೆಯಬೇಕಾದೀತು.