ಡಿಜಿಟಲ್ ರೇಡಿಯೋ ಬಂತು, ಪೆಟ್ಟಿಗೆ ಬರಲಿಲ್ಲ

ಹೋದ ವಾರ ಮನೆಗೆ ಪೇಂಟ್ ಮಾಡಿಸುವಾಗ ಅಟ್ಟದ ಮೇಲಿಂದ ಅಪ್ಪನ ಟ್ರಾನ್ಸಿಸ್ಟರ್ ಸಿಕ್ಕಿತು. ಸೆಲ್ ಹಾಕಿದೆ, ಕೊರಕೊರ ಅಂತು! ಕೆಲಸ ನಿಲ್ಲಿಸಿ ಅರ್ಧ ಗಂಟೆ ಅದರ ಮುಂದೆ ಕೂತುಬಿಟ್ಟೆ.

ನಾವು ಡೊಂಬಿವಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅಪ್ಪ ಊರಿಂದ ಬಂದಾಗಲೆಲ್ಲ ರಾತ್ರಿ ಊಟ ಮುಗಿಸಿ ಇದನ್ನು ಕಿಟಕಿಯಲ್ಲಿಟ್ಟು ಧಾರವಾಡ ಹುಡುಕುತ್ತಿದ್ದರು. 765 ಕಿಲೋಹರ್ಟ್ಸ್. ಹಗಲು ಏನೂ ಇಲ್ಲ. ಕತ್ತಲಾದ ಮೇಲೆ ಮೀಡಿಯಂ ವೇವ್ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ದೂರ ಬಂದು ಬೀಳುತ್ತವೆ. ಹಾಗೆ ಬಿದ್ದ ಧಾರವಾಡದ ದನಿ ಒಮ್ಮೆ ಹತ್ತಿರ, ಒಮ್ಮೆ ಬಾವಿಯೊಳಗಿಂದ. ಸೆಟ್ಟನ್ನು ಅತ್ತಿತ್ತ ತಿರುಗಿಸುತ್ತ ಅಪ್ಪ ಅಷ್ಟರಲ್ಲೇ ಖುಷಿಯಾಗಿರುತ್ತಿದ್ದರು.

ಆ ಹೊತ್ತಿಗೆ ಬಂತು ವರ್ಲ್ಡ್‌ಸ್ಪೇಸ್. ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಇಥಿಯೋಪಿಯಾದಲ್ಲಿ ಹುಟ್ಟಿದ ವಕೀಲ ನೋವಾ ಸಮಾರಾ 1990ರಲ್ಲಿ ಕಟ್ಟಿದ ಕಂಪನಿ. ಆಫ್ರಿಕಾದ ಜನರಿಗೆ ಏಡ್ಸ್ ಬಗ್ಗೆ ತಿಳಿವಳಿಕೆ ಮುಟ್ಟಬೇಕು, ಅದಕ್ಕೆ ಆಕಾಶದಿಂದಲೇ ರೇಡಿಯೋ ಬರಬೇಕು ಅನ್ನುವುದು ಅವರ ಮೂಲ ಕನಸು. 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿದವು. ಹಿಟಾಚಿ, ಜೆವಿಸಿ, ಪ್ಯಾನಾಸಾನಿಕ್, ಸ್ಯಾನ್ಯೊ ಮೊದಲ ಸೆಟ್‌ಗಳನ್ನು ಮಾಡಿದವು. ಆಮೇಲೆ ನಮ್ಮ ಬಿಪಿಎಲ್ ಕೂಡ. ಭಾರತದ ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಕನ್ನಡಕ್ಕೆ 'ಸ್ಪರ್ಶ', ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಹಿಂದೂಸ್ತಾನಿಗೆ 'ಗಂಧರ್ವ್'. ಮುಂಬೈಯಲ್ಲಿ ಕೂತವನಿಗೆ ದಿನವಿಡೀ ಕನ್ನಡ ಹಾಡು! ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ.

ನನಗೆ ಮಾತ್ರ ಒಲಿಯಲಿಲ್ಲ. ಏಷ್ಯಾಸ್ಟಾರ್ ಇದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ಮುಂಬೈಗೆ ಆಗ್ನೇಯ ದಿಕ್ಕಿನ ಆಕಾಶದಲ್ಲಿ. ಆಂಟೆನಾ ಅದಕ್ಕೆ ಮುಖ ಮಾಡಿರಬೇಕು, ನಡುವೆ ಗೋಡೆ ಇರಬಾರದು. ನಮ್ಮ ಮನೆಯ ಕಿಟಕಿಗಳೆಲ್ಲ ಪಶ್ಚಿಮಕ್ಕೆ! ಎದುರು ಮನೆಯ ಗೆಳೆಯನಿಗೆ ಪೂರ್ವದ ಬಾಲ್ಕನಿ, ಅವನು ತಗೊಂಡ. ಒಂದು ಸಂಜೆ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಒಂದು ಚೂರೂ ಕೊರಕೊರ ಇಲ್ಲದ ದನಿ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಹೊರಗೆ ಬಂದ ಮೇಲೆ, "ಛಲೋ ಐತಿ. ಆದ್ರ ಊರಾಗ ಮಳಿ ಆತೋ ಇಲ್ಲೋ ಅದು ಹೇಳಂಗಿಲ್ಲಲ್ಲ" ಅಂದರು. ರಾತ್ರಿ ಮತ್ತೆ ಧಾರವಾಡವೇ.

ವರ್ಲ್ಡ್‌ಸ್ಪೇಸ್‌ಗೆ ಎ.ಆರ್. ರೆಹಮಾನ್ ಪ್ರಚಾರ ರಾಯಭಾರಿಯಾದರು. ಆದರೂ 2008ರ ಅಕ್ಟೋಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ ಲೋಕಕ್ಕೆಲ್ಲ ಸೇರಿ ಚಂದಾದಾರರು ಸುಮಾರು 1,70,000, ಬಹುಪಾಲು ಭಾರತದವರೇ. 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಪ್ರಸಾರ ನಿಂತಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸೆಟ್ಟಿಗೆ ದುಡ್ಡು, ಚಂದಾಕ್ಕೆ ದುಡ್ಡು, ಮೇಲೆ ಆಂಟೆನಾದ ಮರ್ಜಿ. ಅತ್ತ 2001ರಲ್ಲಿ ಬೆಂಗಳೂರಿನಿಂದ ಶುರುವಾದ ಖಾಸಗಿ ಎಫ್‌ಎಂ ಬಿಟ್ಟಿ. ಕೆಲವೇ ವರ್ಷಗಳಲ್ಲಿ ಮೊಬೈಲಿನೊಳಗೇ ಬಂದು ಕೂತಿತು. ಅಮೆರಿಕದಲ್ಲಿ ಉಪಗ್ರಹ ರೇಡಿಯೋ ಉಳಿದದ್ದು ಕಾರುಗಳಿಂದ. ಇಲ್ಲಿ ಆ ದಾರಿ ತೆರೆಯಲೇ ಇಲ್ಲ.

ಆಕಾಶವಾಣಿಯ ಕಥೆಯೂ ಸ್ವಲ್ಪ ಹಾಗೇ. ಹಳೆಯ ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಪಟ್ಟಿಗಳಲ್ಲೇ ಡಿಜಿಟಲ್ ದನಿ ಕಳಿಸುವ ಡಿಆರ್‌ಎಂ ವಿಧಾನವನ್ನು 2009ರಲ್ಲಿ ದೆಹಲಿಯಿಂದ ಶುರು ಮಾಡಿದರು. ಆಮೇಲೆ ಬೆಂಗಳೂರಿನ 612 ಸೇರಿದಂತೆ ಮೂವತ್ತಕ್ಕೂ ಹೆಚ್ಚು ಮೀಡಿಯಂ ವೇವ್ ಕೇಂದ್ರಗಳಿಗೆ ಡಿಆರ್‌ಎಂ ಟ್ರಾನ್ಸ್‌ಮಿಟರ್ ಬಂತು. ಪ್ರಸಾರ ಇದೆ, ಕೇಳುವ ಪೆಟ್ಟಿಗೆ? ನಮ್ಮ ಸ್ಟೇಷನ್ ರೋಡಿನ ಅಂಗಡಿಗಳಲ್ಲಿ ಕೇಳಿದರೆ "ಅದೇನದು?" ಅಂತ ನನ್ನನ್ನೇ ಕೇಳುತ್ತಾರೆ. ಕಾರುಗಳಲ್ಲಿ ಮಾತ್ರ ಲಕ್ಷಗಟ್ಟಲೆ ಸೆಟ್ ಸೇರಿಕೊಂಡಿವೆ. ಎಷ್ಟೋ ಮಾಲೀಕರಿಗೆ ಅದು ಇರುವುದೇ ಗೊತ್ತಿಲ್ಲ. ನಾರ್ವೆ 2017ರಲ್ಲಿ ರಾಷ್ಟ್ರೀಯ ಎಫ್‌ಎಂ ಪ್ರಸಾರ ನಿಲ್ಲಿಸಿ ಡ್ಯಾಬ್ ಎಂಬ ಡಿಜಿಟಲ್ ರೇಡಿಯೋಗೆ ಹೋಯಿತು. ಅಲ್ಲಿ ಅಷ್ಟರೊಳಗೆ ಬಹುಪಾಲು ಮನೆಗಳಿಗೆ ಸೆಟ್ ಬಂದಿದ್ದವು.

ಇನ್ನೊಂದು ವಿಷಯ. ಹಳೆಯ ರೇಡಿಯೋ ಅಲೆ ಕ್ಷೀಣಿಸಿದರೂ ಗೊಣಗುತ್ತ ಏನೋ ಹೇಳುತ್ತದೆ. ಡಿಜಿಟಲ್ ಹಾಗಲ್ಲ, ಬಂದರೆ ಪೂರ್ತಿ, ಇಲ್ಲದಿದ್ದರೆ ಮೌನ. ಊರು ಬಿಟ್ಟು ಬಂದವರಿಗೆ ಅರ್ಧ ಕೇಳಿಸಿದರೂ ಸಾಕಾಗುತ್ತದೆ ಅಲ್ಲವೇ?

ಈಗ ಫೋನಿನ ಆ್ಯಪ್‌ನಲ್ಲಿ ಧಾರವಾಡ ಹಗಲಲ್ಲೂ ಸ್ಪಷ್ಟವಾಗಿ ಬರುತ್ತದೆ, ಪಶ್ಚಿಮದ ಕಿಟಕಿಯಿದ್ದರೂ ಸರಿ. ಮಳೆ ಸುದ್ದಿಯೂ ಬರುತ್ತದೆ. ಕೇಳಬೇಕಾದ ಅಪ್ಪ ಇಲ್ಲ. ಟ್ರಾನ್ಸಿಸ್ಟರನ್ನು ಮತ್ತೆ ಅಟ್ಟಕ್ಕೇರಿಸಲು ಮನಸ್ಸಾಗದೆ ಕಿಟಕಿಯಲ್ಲೇ ಇಟ್ಟಿದ್ದೇನೆ.

ನಿಮ್ಮಲ್ಲಿ ಯಾರ ಬಾಲ್ಕನಿ ಪೂರ್ವಕ್ಕಿತ್ತು? 'ಸ್ಪರ್ಶ' ಕೇಳಿದವರಿದ್ದರೆ ಎರಡು ಸಾಲು ಬರೆಯಿರಿ.