ಹೆಸರು ಬದಲಿಸಿಕೊಂಡ ಜರ್ಮನ್ ಮನೆ

ಚಿತ್ರದುರ್ಗದ ಕೋಟೆ ಹತ್ತಿದವರು ಅಲ್ಲಿನ ಗರಡಿಮನೆಯನ್ನು ನೋಡಿಯೇ ಇರುತ್ತಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೂ ಗರಡಿಯೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಾಮು ಮಾಡುವುದಕ್ಕಷ್ಟೇ ಅಲ್ಲ, ಊರ ಹುಡುಗರು ಒಂದೆಡೆ ಕೂಡುವುದಕ್ಕೂ ಅದೇ ಜಾಗ. ಹೊರದೇಶಗಳಿಗೆ ವಲಸೆ ಹೋದ ಜರ್ಮನರು ತಮ್ಮ ಭಾಷೆ, ಸಂಗೀತ, ಹಬ್ಬಗಳನ್ನು ಉಳಿಸಿಕೊಳ್ಳಲು ಕಟ್ಟಿದ ಅನೇಕ ಸಂಘಗಳ ಮೂಲವೂ ಇಂಥದೇ ಒಂದು ಗರಡಿ ಎಂಬುದು ಕುತೂಹಲದ ಸಂಗತಿ.

1811ರಲ್ಲಿ ಫ್ರೆಡ್ರಿಕ್ ಲುಡ್ವಿಗ್ ಯಾನ್ ಎಂಬ ಉಪಾಧ್ಯಾಯ ಬರ್ಲಿನ್ನಿನಲ್ಲಿ ಬಯಲು ವ್ಯಾಯಾಮಶಾಲೆಯೊಂದನ್ನು ತೆರೆದ. ನೆಪೋಲಿಯನ್ನನಿಗೆ ಸೋತ ನಾಡಿನ ಯುವಕರಲ್ಲಿ ಕಸುವು ತುಂಬುವುದು ಆತನ ಉದ್ದೇಶ. ಮುಂದೆ ಇಂಥ ವ್ಯಾಯಾಮ ಸಂಘಗಳಿಗೆ 'ಟರ್ನ್‌ಫೆರೈನ್' ಎಂಬ ಹೆಸರು ಬಂತು. 1848ರ ಕ್ರಾಂತಿ ವಿಫಲವಾದಾಗ ದೇಶ ಬಿಟ್ಟವರು ಅದನ್ನು ಅಮೆರಿಕಕ್ಕೆ ಒಯ್ದರು.

ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್‌ನಲ್ಲಿ ಇಂಥ ಸಂಘ ಹುಟ್ಟಿದ್ದು 1851ರಲ್ಲಿ. 1893ರಿಂದ 1898ರ ನಡುವೆ ಎರಡು ಹಂತಗಳಲ್ಲಿ ಅಲ್ಲಿನ ಜರ್ಮನರು ಭವ್ಯ ಕಟ್ಟಡವೊಂದನ್ನೇ ಎಬ್ಬಿಸಿದರು. ವ್ಯಾಯಾಮಶಾಲೆ, ಸಂಗೀತ ಸಭಾಂಗಣ, ಊಟದ ಮನೆ, ಬಿಯರ್ ಕುಡಿಯುವ ತೋಟ ಎಲ್ಲವೂ ಅದರಲ್ಲಿದ್ದವು. ಹೆಸರು 'ದಾಸ್ ಡಾಯ್ಚ ಹೌಸ್', ಅಂದರೆ ಜರ್ಮನ್ ಮನೆ.

1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಹಾಡಿ, ಕುಣಿದು, ಉಂಡು ಹೋಗುತ್ತಿದ್ದವರು ನೆರೆಹೊರೆಯ ಕಣ್ಣಿಗೆ ಶತ್ರುಗಳಂತೆ ಕಂಡರು. 1918ರಲ್ಲಿ ಜರ್ಮನ್ ಮನೆ 'ಅಥೀನಿಯಂ' ಆಯಿತು. ಗ್ರೀಕರ ವಿದ್ಯಾದೇವತೆ ಅಥೀನಾಳ ಹೆಸರಿಗೆ ಯಾರೂ ತಕರಾರು ಮಾಡುವಂತಿರಲಿಲ್ಲ! ಮರುವರ್ಷ ಇಂಡಿಯಾನಾ ಸರ್ಕಾರ ಪ್ರಾಥಮಿಕ ಶಾಲೆಗಳಲ್ಲಿ ಜರ್ಮನ್ ಬೋಧನೆಯನ್ನೇ ನಿಷೇಧಿಸಿತು. ಇಂಥ ಕಾನೂನುಗಳು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1923ರಲ್ಲಿ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಆ ಕಟ್ಟಡದ ವಾಸ್ತುಶಿಲ್ಪಿಗಳಲ್ಲೊಬ್ಬ ಬರ್ನಾರ್ಡ್ ವಾನೆಗಟ್. ಆತನ ಮೊಮ್ಮಗ, 1922ರಲ್ಲಿ ಹುಟ್ಟಿದ ಕಾದಂಬರಿಕಾರ ಕರ್ಟ್ ವಾನೆಗಟ್. ದೇಶಭಕ್ತಿ ತೋರಿಸಲೆಂದು ಹೆತ್ತವರು ತನಗೆ ಜರ್ಮನ್ ಭಾಷೆಯ, ಸಾಹಿತ್ಯದ ಪರಿಚಯವನ್ನೇ ಮಾಡಿಸದೆ ಬೆಳೆಸಿದರೆಂದು ಆತ ಮುಂದೆ ಬರೆದುಕೊಂಡಿದ್ದಾನೆ. ತಾತ ಕಟ್ಟಿದ ಮನೆ ಉಳಿಯಿತು, ತಾತನ ಮಾತು ಮೊಮ್ಮಗನವರೆಗೆ ಬರಲಿಲ್ಲ.

ಇದೇ ಯುದ್ಧದ ಬಿಸಿ ನಮ್ಮ ನಾಡಿಗೂ ತಟ್ಟಿತ್ತು. ಮಂಗಳೂರಿನಲ್ಲಿ 1865ರಿಂದ ಹೆಂಚು ಸುಡುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಬಂಧನ ಶಿಬಿರಕ್ಕೆ ಅಟ್ಟಿತು. ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ದೂರದೂರಿನಲ್ಲಿ ಸಂಘ ಕಟ್ಟುವುದರಲ್ಲಿ ಕನ್ನಡಿಗರೂ ಹಿಂದೆ ಬಿದ್ದವರಲ್ಲ. ಚಿತ್ರದುರ್ಗ ಸೀಮೆ ಮೈಸೂರು ಸಂಸ್ಥಾನದಲ್ಲಿದ್ದ ಕಾಲದಲ್ಲೇ, 1926ರಲ್ಲಿ, ಮುಂಬಯಿಯಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಮಾಟುಂಗಾದಲ್ಲಿರುವ ಅದರ ನೆಲೆಯಲ್ಲಿ ಕನ್ನಡ ನಾಟಕ, ಉಪನ್ಯಾಸಗಳು ನಡೆಯುತ್ತ ಬಂದಿವೆ. ಹೆಸರಿನ ಮಟ್ಟಿಗೆ ಮಾತ್ರ ಇಲ್ಲಿ ಆದದ್ದು ತಿರುಗುಮುರುಗು. 1973ರಲ್ಲಿ ಮೈಸೂರು ರಾಜ್ಯವೇ ಕರ್ನಾಟಕವಾಯಿತು, 1995ರಲ್ಲಿ ಬಾಂಬೆ ಅಧಿಕೃತವಾಗಿ ಮುಂಬೈ ಆಯಿತು. ಅಸೋಸಿಯೇಷನ್ನಿನವರು ತಮ್ಮ ಬೋರ್ಡು ಬದಲಿಸಲಿಲ್ಲ; ಬದಲಿಸಿ ಎಂದು ಯಾರೂ ಕೇಳಲೂ ಇಲ್ಲ.